ಮಳೆಗಾಲದಲ್ಲಿ ಪೆಟ್ಟಿಗೆ ಸೇರುವ ಕ್ಯಾಮೆರಾ ನಮಗೆ ಯಾಕೆ?

ಮಳೆ ಹಿಡಿಯುವ ಮುಂಚೆ ಕೊಟ್ಟೆ ಕಟ್ಟಿ ಮುಗಿಸಬೇಕೆಂಬ ಗಡಿಬಿಡಿಯಲ್ಲಿದ್ದಾಗ ಸಂಬಂಧದ ಹುಡುಗನೊಬ್ಬ ಫೋನು ಮಾಡಿದ. "ಭಾವಾ, ಯಾವ ಕ್ಯಾಮೆರಾ ತಗಂಡ್ರೆ ಅಡ್ಡಿಲ್ಲೆ?" ಅವನ ಪಟ್ಟಿಯಲ್ಲಿ ಎರಡಿದ್ದವು. ಒಂದು ಫುಲ್ ಫ್ರೇಮ್ ಮಿರರ್‌ಲೆಸ್, ಕಂತಿನ ಮೇಲೆ. ಇನ್ನೊಂದು ಕೆಂಪು ಬಣ್ಣದ, ನೀರಿಗೆ ಬಿದ್ದರೂ ಕೆಡದ ಚಿಕ್ಕ ಕ್ಯಾಮೆರಾ, ಟಿಜಿ-7. "ಎಂತಕ್ಕೆ ಬೇಕು?" ಅಂದೆ. "ತೋಟದ ಫೋಟೋ, ವಿಡಿಯೋ, ಎಲ್ಲದಕ್ಕೂ" ಅಂದ.

ಈ "ಎಲ್ಲದಕ್ಕೂ" ಅನ್ನುವ ಮಾತೇ ದುಡ್ಡು ಕಳೆಯುವುದು. ಆರು ವರ್ಷದ ಹಿಂದೆ ನಾನೂ ಇದನ್ನೇ ಹೇಳಿಕೊಂಡು ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ ತಂದಿದ್ದೆ. ಹಾಗಾಗಿ ಇದು ಎರಡೂ ಕಡೆ ತೂಗಿ ನೋಡುವ ಬರಹ ಅಲ್ಲ, ಒಂದು ಕಡೆಯ ಮಾತು. ವಜ್ರಳ್ಳಿಯಂಥ ಊರಲ್ಲಿ ತೋಟ ಮಾಡುವವನು ತೋಟದ ಕೆಲಸಕ್ಕೆಂದೇ ಕ್ಯಾಮೆರಾ ಕೊಳ್ಳುವುದಾದರೆ ಚಿಕ್ಕದನ್ನೇ ಕೊಳ್ಳಬೇಕು.

ಮೊದಲು ದೊಡ್ಡದರ ಪರವಾಗಿ ಇರುವ ನ್ಯಾಯದ ಮಾತು ಹೇಳಿಬಿಡುತ್ತೇನೆ. ಫುಲ್ ಫ್ರೇಮ್ ಸೆನ್ಸರ್ 36 ಮಿಮೀ ಉದ್ದ, 24 ಮಿಮೀ ಅಗಲ. ಟಿಜಿ ಸರಣಿಯ ಕ್ಯಾಮೆರಾದ ಸೆನ್ಸರ್ ಸುಮಾರು 6.2 ಮಿಮೀ ಉದ್ದ, 4.6 ಮಿಮೀ ಅಗಲ. ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ 30 ಪಟ್ಟು ವ್ಯತ್ಯಾಸ. ಬೆಳಕು ಕಡಿಮೆ ಇದ್ದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆಷಾಢದ ಮಧ್ಯಾಹ್ನ ಮೂರು ಗಂಟೆಗೆ ಅಡಿಕೆ ತೋಟದ ಒಳಗೆ ಎಷ್ಟು ಬೆಳಕಿರುತ್ತದೆ ಅಂತ ನಿಮಗೆ ಗೊತ್ತು. ಅಲ್ಲಿ ಚಿಕ್ಕ ಸೆನ್ಸರಿನ ಫೋಟೋದಲ್ಲಿ ರವೆ ರವೆ ಕಾಣುತ್ತದೆ, ದೊಡ್ಡದರಲ್ಲಿ ನುಣ್ಣಗೆ ಬರುತ್ತದೆ. ಇದು ಸತ್ಯ.

ಆದರೆ ಆಷಾಢದ ಮಧ್ಯಾಹ್ನ ಆ ದೊಡ್ಡ ಕ್ಯಾಮೆರಾ ತೋಟದಲ್ಲಿ ಇರುತ್ತದೆಯೇ? ನನ್ನದಂತೂ ಇರಲಿಲ್ಲ. ಸಿಲಿಕಾ ಜೆಲ್ ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕಪಾಟಿನೊಳಗೆ ಇತ್ತು. 'ವೆದರ್ ಸೀಲ್ಡ್' ಅಂತ ಬರೆದಿದ್ದರೂ ಅದು ನೀರಿಗೆ ಹಾಕಬಹುದು ಅಂತಲ್ಲ, ನಾಲ್ಕು ಹನಿ ಬಿದ್ದರೆ ತಡೆದೀತು ಅಂತ ಅಷ್ಟೇ. ಅದೂ ಲೆನ್ಸ್ ಕೂಡ ಅದೇ ದರ್ಜೆಯದ್ದಾಗಿದ್ದರೆ ಮಾತ್ರ. ನಮ್ಮದು ನಾಲ್ಕು ಹನಿಯ ಮಳೆಯಲ್ಲ.

2021ರ ಜುಲೈ ನೆನಪು ಮಾಡಿಕೊಳ್ಳಿ. ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಎಲ್ಲ ಹೋಯಿತು. ಅರಬೈಲು ಘಟ್ಟದಲ್ಲಿ ಹೆದ್ದಾರಿ ಬಂದಾಯಿತು, ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. ನಮ್ಮಲ್ಲೂ ಹಳ್ಳದ ನೀರು ತೋಟಕ್ಕೆ ನುಗ್ಗಿ ಕೆಳಗಿನ ಬಣ್ಣದಲ್ಲಿ ಮಣ್ಣು ತುಂಬಿತು. ಮಾರನೇ ದಿನ ನೋಡಲು ಹೋದಾಗ ಫೋನನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಹೋಗಿದ್ದೆ. ಒದ್ದೆ ಬೆರಳಿಗೆ ಸ್ಕ್ರೀನ್ ಕೆಲಸ ಮಾಡಲಿಲ್ಲ. ಸಿಕ್ಕಿದ್ದು ಏಳೋ ಎಂಟೋ ಮಂಜು ಮಂಜು ಫೋಟೋ. ಮನೆಗೆ ಬಂದು ಹಳೆಯ ಫೋಟೋ ಹುಡುಕಿದೆ, ಮಣ್ಣು ತುಂಬುವ ಮುಂಚೆ ಆ ಬಣ್ಣ ಹೇಗಿತ್ತು, ಕಾದಿಗೆ ಎಲ್ಲಿತ್ತು ಅಂತ ನೋಡಲು. ಹಾರ್ಡ್ ಡಿಸ್ಕಿನಲ್ಲಿ ಮಲಬಾರ್ ಟ್ರೋಗನ್ ಇತ್ತು, ಸಾತೊಡ್ಡಿ ಜಲಪಾತ ಇತ್ತು, ಇಬ್ಬನಿ ಹನಿ ಹೊತ್ತ ಜೇಡರ ಬಲೆ ಹದಿನಾರು ನಮೂನೆಯಲ್ಲಿ ಇತ್ತು. ನನ್ನ ತೋಟದ ಕೆಳಗಿನ ಬಣ್ಣ ಒಂದೂ ಇರಲಿಲ್ಲ. ಚೆಂದದ ಕ್ಯಾಮೆರಾ ಕೈಯಲ್ಲಿದ್ದರೆ ಚೆಂದದ್ದನ್ನೇ ಹುಡುಕಿಕೊಂಡು ಹೋಗುತ್ತೇವೆ, ಕಾದಿಗೆಯ ಫೋಟೋ ಯಾರು ತೆಗೀತಾರೆ?

ಅದೇ ವರ್ಷ ಚೌತಿ ಮುಗಿದ ಮೇಲೆ ಡಬ್ಬಿ ತೆಗೆದರೆ ಲೆನ್ಸಿನ ಒಳಗೆ ಜೇಡರ ಬಲೆಯಂಥದ್ದೇ ಇನ್ನೊಂದು. ಬೂಸ್ಟು. ಸಿಲಿಕಾ ಜೆಲ್ ನೀರು ಹೀರಿ ಹೀರಿ ಯಾವಾಗಲೋ ಸುಸ್ತಾಗಿತ್ತು. ಅದನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು, ನಾನು ಮಾಡಿರಲಿಲ್ಲ. ತಪ್ಪು ನನ್ನದೇ. ಕೊಳೆರೋಗದ ಶಿಲೀಂಧ್ರದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ಸ್ವಂತ ಲೆನ್ಸನ್ನು ಶಿಲೀಂಧ್ರಕ್ಕೆ ಬಿಟ್ಟುಕೊಟ್ಟೆ. ಗಾಳಿಯ ತೇವ ಶೇ 60 ದಾಟಿದ ಜಾಗದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಲೆನ್ಸಿಗೆ ಬೂಸ್ಟಿನ ಭಯ ಇದ್ದದ್ದೇ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ತೇವ ಅದಕ್ಕಿಂತ ಕೆಳಗೆ ಇಳಿಯುವ ದಿನವೇ ಅಪರೂಪ. ಹಾಗಂತ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಹೊಗೆಗೆ ಹಪ್ಪಳ ಉಳಿಯುತ್ತದೆ, ಲೆನ್ಸ್ ಉಳಿಯುವುದಿಲ್ಲ.

ಈಗ ಚಿಕ್ಕದರ ವಿಷಯ. ಈ ಸರಣಿ ಮೊದಲು ಒಲಿಂಪಸ್ ಹೆಸರಿನಲ್ಲಿ ಬರುತ್ತಿತ್ತು. 2021ರಿಂದ ಕ್ಯಾಮೆರಾ ವ್ಯವಹಾರ ಓಎಂ ಡಿಜಿಟಲ್ ಅನ್ನುವ ಬೇರೆ ಕಂಪನಿಯ ಕೈಯಲ್ಲಿದೆ. ಟಿಜಿ-6 ಬಂದದ್ದು 2019ರಲ್ಲಿ, ಟಿಜಿ-7 2023ರಲ್ಲಿ. ಎರಡರದ್ದೂ ಹೂರಣ ಹೆಚ್ಚು ಕಡಿಮೆ ಒಂದೇ: 12 ಮೆಗಾಪಿಕ್ಸೆಲ್, ನಾಲ್ಕು ಪಟ್ಟು ಜೂಮ್, 15 ಮೀಟರ್ ಆಳದ ತನಕ ನೀರು ತಡೆಯುತ್ತದೆ, 2.1 ಮೀಟರ್ ಎತ್ತರದಿಂದ ಬಿದ್ದರೂ ಒಡೆಯುವುದಿಲ್ಲ ಅನ್ನುತ್ತಾರೆ. (ಕೊನೆಗೌಡನ ಕೈಯಲ್ಲಿ ಕೊಟ್ಟು ಮರ ಹತ್ತಿಸಬೇಡಿ, ಅಡಿಕೆ ಮರದ ತುದಿ 2.1 ಮೀಟರಿನಲ್ಲಿ ಇರುವುದಿಲ್ಲ.) ತೂಕ 250 ಗ್ರಾಂ ಆಸುಪಾಸು. ರಿಕೋ ಡಬ್ಲ್ಯುಜಿ-6ನಂಥ ಬೇರೆ ಕಂಪನಿಯವೂ ಇವೆ. ನಾನು ಬಳಸುತ್ತಿರುವುದು ಟಿಜಿ-6 ಆದ್ದರಿಂದ ಅದರ ಮಾತನ್ನೇ ಆಡುತ್ತೇನೆ.

ನನಗೆ ಇದು ಹಿಡಿಸಿದ್ದು ನೀರಿನ ಕಾರಣಕ್ಕಿಂತ ಹೆಚ್ಚಾಗಿ ಅದರ ಮೈಕ್ರೋಸ್ಕೋಪ್ ಮೋಡಿನಿಂದ. ಲೆನ್ಸಿನಿಂದ ಒಂದೇ ಸೆಂಟಿಮೀಟರ್ ದೂರದಲ್ಲಿರುವ ವಸ್ತುವಿಗೂ ಫೋಕಸ್ ಆಗುತ್ತದೆ. ಅಡಿಕೆ ಸೋಗೆಯ ಅಡಿಭಾಗದ ಮೈಟ್ ನುಸಿ, ಕಾಳುಮೆಣಸಿನ ಬೇರಿಗೆ ಅಂಟಿದ ಹಿಟ್ಟು ತಿಗಣೆ, ಎಲೆಚುಕ್ಕೆಯ ಸುತ್ತ ಇರುವ ಹಳದಿ ವರ್ತುಲ, ಎಳೆ ಅಡಿಕೆಯ ತೊಟ್ಟಿನ ಹತ್ತಿರ ಕೊಳೆ ಶುರುವಾದ ನೀರು ಹಿಡಿದಂಥ ಕಲೆ, ಇವೆಲ್ಲ ಬರಿಗಣ್ಣಿಗಿಂತ ಚೆನ್ನಾಗಿ ಕಾಣುತ್ತವೆ. ಫುಲ್ ಫ್ರೇಮಿನಲ್ಲಿ ಇದನ್ನು ತೆಗೆಯಲು ಬೇರೆ ಮ್ಯಾಕ್ರೋ ಲೆನ್ಸ್ ಬೇಕು. ಅದು ಇದ್ದರೂ ದೊಡ್ಡ ಸೆನ್ಸರಿನ ಗುಣವೇ ಇಲ್ಲಿ ತೊಂದರೆ: ಹತ್ತಿರದ ಫೋಟೋದಲ್ಲಿ ಕೂದಲೆಳೆಯಷ್ಟು ಭಾಗ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಮದುವೆ ಆಲ್ಬಮ್ಮಿಗೆ ಆ ಮಸುಕು ಚೆಂದ. ರೋಗ ಗುರುತಿಸುವವರಿಗೆ ಎಲೆ ಪೂರ್ತಿ ಕಾಣಬೇಕು. ಚಿಕ್ಕ ಸೆನ್ಸರಿನಲ್ಲಿ ಹೆಚ್ಚು ಭಾಗ ಸ್ಪಷ್ಟ ಬರುತ್ತದೆ. ಅಂಗಡಿಯವರು ಕೊರತೆ ಅಂತ ಹೇಳುವುದೇ ನಮ್ಮ ಕೆಲಸಕ್ಕೆ ಅನುಕೂಲ.

ಇದರ ಬೆಲೆ ಏನು ಅಂತ ಎಲೆಚುಕ್ಕೆ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೋಗೆ ಕೆಂಪಾಗಿ ಕಂಡಾಗಲೆಲ್ಲ ಎಲೆಚುಕ್ಕೆಯೇ ಅಂದುಕೊಂಡು ಔಷಧಿ ಹೊಡೆದವರನ್ನು ನೋಡಿದ್ದೇನೆ. ಅದರಲ್ಲಿ ಕೆಲವು ಮೈಟ್ ಇದ್ದವು, ಕೆಲವು ಪೋಷಕಾಂಶದ ಕೊರತೆ. ಶಿಲೀಂಧ್ರನಾಶಕ ಇವೆರಡಕ್ಕೂ ಏನೂ ಮಾಡುವುದಿಲ್ಲ. ನನ್ನಂಥ ಸಾವಯವದವನಿಗೆ ಇನ್ನೂ ಕಷ್ಟ, ಬೋರ್ಡೋ ದ್ರಾವಣವನ್ನೂ ಲೆಕ್ಕ ಇಟ್ಟು ಮಿತಿಯಲ್ಲಿ ಬಳಸಬೇಕು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾಸರಗೋಡಿನ ಸಿಪಿಸಿಆರ್‌ಐಗೋ ಫೋಟೋ ಕಳಿಸುವುದಾದರೆ ಒಂದು ಕಳಿಸಬೇಡಿ, ಮೂರು ಕಳಿಸಿ: ಮರ ಇಡಿಯಾಗಿ, ಎಲೆಯ ಎರಡೂ ಬದಿ, ಕಲೆಯ ಹತ್ತಿರದ್ದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ 'ಫೋಟೋ' ಅಂತಲ್ಲ, 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಸಣ್ಣ ಮಾಡುತ್ತದೆ, ಜಾಗದ ಮಾಹಿತಿಯನ್ನೂ ಅಳಿಸುತ್ತದೆ. ಎರಡು ಲಕ್ಷದ ಕ್ಯಾಮೆರಾದಲ್ಲಿ ತೆಗೆದು ವಾಟ್ಸಾಪಿನಲ್ಲಿ ಹಿಂಡಿಸಿದರೆ ತೆಗೆದದ್ದು ಯಾಕೆ?

ಜಾಗದ ಮಾಹಿತಿ ಅಂದೆನಲ್ಲ, ಟಿಜಿ-6ರಲ್ಲಿ ಜಿಪಿಎಸ್ ಇದೆ. ಹೆಚ್ಚಿನ ಫುಲ್ ಫ್ರೇಮ್‌ಗಳಲ್ಲಿ ಅದು ಇರುವುದಿಲ್ಲ, ಫೋನಿಗೆ ಜೋಡಿಸಿ ಪಡೆಯಬೇಕು. ಯಾವ ಬಣ್ಣದಲ್ಲಿ ಯಾವ ತಾರೀಕಿಗೆ ಏನಿತ್ತು ಅನ್ನುವ ಲೆಕ್ಕ ತಾನಾಗಿ ಉಳಿಯುತ್ತದೆ. ಆದರೆ ಒಂದು ತಪ್ಪು ತಿಳಿವಳಿಕೆ ಬೇಡ: ಅಡಿಕೆಗೆ ಇರುವ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆಮಾಪನದ ಅಂಕಿ ಮೇಲೆ, ನಿಮ್ಮ ಫೋಟೋದ ಮೇಲೆ ಅಲ್ಲ. ಸರಕಾರದ ಬೆಳೆ ಸಮೀಕ್ಷೆ ಆ್ಯಪಿಗೂ ಫೋನಿನಿಂದಲೇ ತೆಗೆಯಬೇಕು, ಅಲ್ಲಿ ಎರಡೂ ಕ್ಯಾಮೆರಾ ದಂಡ.

ಚಿಕ್ಕದರ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಮರದ ತುದಿಯ ಕೊನೆ ನೋಡಲು ನಾಲ್ಕು ಪಟ್ಟು ಜೂಮ್ ಸಾಲದು. ನೀರು ತಡೆಯುವುದು ಬಾಗಿಲಿನ ರಬ್ಬರಿನಿಂದ. ಅದರ ಮೇಲೆ ಒಂದು ಕೂದಲು, ಒಂದು ಮಣ್ಣಿನ ಕಣ ಕೂತರೂ ನೀರು ಒಳಗೆ ಹೋಗುತ್ತದೆ. ತೋಟದಲ್ಲಿ ನಿಂತು ಬ್ಯಾಟರಿ ಬಾಗಿಲು ತೆಗೆಯಲೇಬೇಡಿ, ಮನೆಗೆ ಬಂದು ಒರೆಸಿ ತೆಗೆಯಿರಿ. ರಬ್ಬರನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಮೈಲುತುತ್ತ ಸಿಡಿದರೆ ಅಲ್ಲೇ ಹಳ್ಳದ ನೀರಲ್ಲಿ ತೊಳೆದುಬಿಡಿ, ಒಣಗಲು ಬಿಡಬೇಡಿ. ಮತ್ತೆ, ಸರ್ವಿಸ್ ಎಲ್ಲಿ ಸಿಗುತ್ತದೆ ಅಂತ ದುಡ್ಡು ಕೊಡುವ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಯಲ್ಲಾಪುರದಲ್ಲಂತೂ ರಿಪೇರಿ ಆಗುವ ವಸ್ತು ಇದಲ್ಲ.

ವಿಡಿಯೋ ಮಾಡುವ ಆಸೆ ಇದ್ದವರಿಗೆ ಒಂದೇ ಮಾತು. ನಿಮ್ಮ ವಿಡಿಯೋ ನೋಡುವವರು ಅಂಗೈ ಅಗಲದ ಸ್ಕ್ರೀನಿನಲ್ಲಿ ನೋಡುತ್ತಾರೆ. ಚಿತ್ರ ಸ್ವಲ್ಪ ರವೆ ರವೆಯಾದರೆ ಸಹಿಸುತ್ತಾರೆ, ಮಾತು ಕೇಳದಿದ್ದರೆ ಮುಂದೆ ಹೋಗುತ್ತಾರೆ. ಮೈಕಿಗೆ ಖರ್ಚು ಮಾಡಿ.

ಇಷ್ಟೆಲ್ಲ ಕೇಳಿ ಹುಡುಗ, "ಹಾಗಾದ್ರೆ ತೇಜಸ್ವಿ ತೋಟ ಮಾಡ್ಕೊಂಡೇ ಹಕ್ಕಿ ಫೋಟೋ ತೆಗೆದಿದ್ದು ಹೆಂಗೆ?" ಅಂದ. ಒಳ್ಳೆ ಪ್ರಶ್ನೆ. ಹಕ್ಕಿಯ ಹುಚ್ಚು ಇದ್ದರೆ ಹಕ್ಕಿಯ ಲೆಕ್ಕದಲ್ಲಿ ಕೊಳ್ಳಬೇಕು, ತೋಟದ ಖರ್ಚಿನಲ್ಲಿ ಬರೆಯಬಾರದು. ನಾನು ಬರೆದಿದ್ದೆ. ಎರಡು ವರ್ಷ ಗೊಬ್ಬರದ ದುಡ್ಡಿನಲ್ಲಿ ಕಂತು ಕಟ್ಟಿದ್ದು ಅಪ್ಪಯ್ಯನಿಗೆ ಗೊತ್ತಾದದ್ದು ಅಡಿಕೆ ಇಳುವರಿ ನೋಡಿ.

ನನ್ನ ಫುಲ್ ಫ್ರೇಮ್ ಇನ್ನೂ ಇದೆ. ಲೆನ್ಸ್ ಬಿಚ್ಚಿಸಿ ಬೂಸ್ಟು ತೆಗೆಸಿದೆ, ಗಾಜಿನ ಮೇಲೆ ಸಣ್ಣ ಗುರುತು ಉಳಿದಿದೆ. ನವೆಂಬರಿನಿಂದ ಮೇ ತನಕ, ಎಲ್ಲಾದರೂ ರಾತ್ರಿ ಯಕ್ಷಗಾನ ಇದ್ದರೆ ಒಯ್ಯುತ್ತೇನೆ. ಆ ಬೆಳಕಿನಲ್ಲಿ ಟಿಜಿ-6 ಅದರ ಹತ್ತಿರವೂ ಸುಳಿಯುವುದಿಲ್ಲ. ಹುಡುಗ ಇನ್ನೂ ಯಾವುದನ್ನೂ ಕೊಂಡಿಲ್ಲ. ನಿನ್ನೆ ಅವನ ಫೋನಿನಿಂದಲೇ ಮೂರು ಫೋಟೋ ಕಳಿಸಿದ್ದಾನೆ, ಡಾಕ್ಯುಮೆಂಟ್ ಆಗಿ. ಮರ ಇದೆ, ಎಲೆ ಇದೆ, ಕಲೆಯ ಪಕ್ಕ ನಾಣ್ಯವೂ ಇದೆ. ಎಲೆಯ ಅಡಿಭಾಗ ಮಾತ್ರ ಬಿಟ್ಟುಹೋಗಿದೆ, ಮತ್ತೆ ತೋಟಕ್ಕೆ ಹೋಗಿ ಬಾ ಅಂದಿದ್ದೇನೆ.