ಅಂಗೈಯಗಲದ ನಾದಯಂತ್ರ

ಮೈಸೂರಿನಿಂದ ಮಡಿಕೇರಿಯ ಕಡೆಗೆ ಹೊರಟವರಿಗೆ ಹುಣಸೂರು, ಪಿರಿಯಾಪಟ್ಟಣಗಳ ತರುವಾಯ ಎದುರಾಗುವುದು ಬೈಲಕುಪ್ಪೆಯ ಸೀಮೆ. ತಾಯ್ನಾಡನ್ನು ತೊರೆದ ಟಿಬೆಟನ್ನರು 1960ರ ದಶಕದ ಆರಂಭದಲ್ಲಿ ಇಲ್ಲಿ ಕಾಡು ಸವರಿ, ಹೊಲ ಮಾಡಿ ನೆಲೆಸಿದರು. ಮನೆಮಾರುಗಳನ್ನು ಹೊತ್ತು ತರುವಂತಿರಲಿಲ್ಲ. ಹಾಡುಗಳು ಮಾತ್ರ ಜೊತೆಯಲ್ಲಿ ಬಂದವು. ಆ ಹಾಡುಗಳಿಗೆ ಒತ್ತಾಸೆಯಾದ ವಾದ್ಯ ಡ್ರಾನ್ಯೆನ್. ಉದ್ದ ಕೊರಳು, ಸಾಮಾನ್ಯವಾಗಿ ಆರು ತಂತಿ, ವೀಣೆಗಿರುವಂತೆ ಮೆಟ್ಟಿಲುಗಳಿಲ್ಲ. ಹೆಗಲಿಗೇರಿಸಿದರೆ ಎಲ್ಲಿಗಾದರೂ ಬಂದೀತು.

ವಲಸೆಯ ನಾಡಿನಲ್ಲಿ ಹುಟ್ಟಿದ ಟಿಬೆಟನ್ ತರುಣರು ಗಿಟಾರನ್ನೂ ತಮ್ಮದಾಗಿಸಿಕೊಂಡಿದ್ದಾರೆ. ಆದರೆ ವಿದ್ಯುತ್ ಗಿಟಾರಿನ ಸಂಗತಿ ಬೇರೆ. ಅದರ ತಂತಿಯಿಂದ ಹೊಮ್ಮುವುದು ಬಡಕಲು ದನಿ. ಅದಕ್ಕೆ ಮೊಳಗು, ಮಾರ್ದನಿ, ಒರಟುತನಗಳನ್ನು ಕೂಡಿಸಲು ಕಾಲಿನಿಂದ ಒತ್ತುವ ಪೆಡಲುಗಳ ಸಾಲು, ಭಾರವಾದ ಆಂಪ್ಲಿಫೈಯರ್ ಬೇಕು. ಬಸ್ಸಿನಲ್ಲಿ ಊರೂರಿಗೆ ಹೋಗಿ ನುಡಿಸುವವನು ಇವನ್ನೆಲ್ಲ ಹೊರುವುದು ಹೇಗೆ, ಕೊಳ್ಳುವುದಾದರೂ ಹೇಗೆ?

ಇಂಥ ಹೊರೆಯನ್ನು ಇಳಿಸುವ ಯತ್ನ ಕರ್ನಾಟಕಕ್ಕೆ ಹೊಸದಲ್ಲ. ಕೊಳಲುವಾದಕರೂ ಎಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ರಾಡೆಲ್ ಸಂಸ್ಥೆಯ ಮೂಲಕ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಂಗೀತಗಾರರ ಕೈಗಿತ್ತರು. ಆಳೆತ್ತರದ ತಂಬೂರಿಯ ಕೆಲಸ ಚೀಲದಲ್ಲಿ ಹಿಡಿಯುವ ಪೆಟ್ಟಿಗೆಗೆ ಬಂದಿತು. ಗಿಟಾರಿನ ಪಾಲಿಗೆ ಈಗ ಅದೇ ಬಗೆಯ ಸಹಾಯ ಒದಗಿದೆ. 2012ರಲ್ಲಿ ಬ್ರಿಟನ್ನಿನಿಂದ ಬಂದ ರಾಸ್ಪ್‌ಬೆರಿ ಪೈ ಎಂಬ ಕಿರುಗಣಕದ ಉದ್ದ ಸುಮಾರು 85, ಅಗಲ 56 ಮಿಲಿಮೀಟರು ಮಾತ್ರ. ಗಿಟಾರಿಕ್ಸ್‌ನಂಥ ಉಚಿತ ತಂತ್ರಾಂಶವನ್ನು ಇದಕ್ಕೆ ತುಂಬಿದರೆ, ಹಲವು ಪೆಡಲುಗಳ ಕೆಲಸವನ್ನು ಇದೊಂದೇ ಲೆಕ್ಕದಿಂದ ಮಾಡುತ್ತದೆ.

ಆ ಲೆಕ್ಕವೆಂಥದು? ತಂತಿಯ ಕಂಪನವನ್ನು ಯಂತ್ರವು ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿಸುತ್ತದೆ. ಅಲೆಯ ನೆತ್ತಿಯನ್ನು ಕತ್ತರಿಸಿದರೆ ದನಿ ಒರಟಾಗುತ್ತದೆ. 24,000 ಅಂಕಿಗಳನ್ನು ನೆನಪಿನಲ್ಲಿಟ್ಟು ಆಮೇಲೆ ಹೊರಬಿಟ್ಟರೆ ಅರ್ಧ ಸೆಕೆಂಡಿನ ಮಾರ್ದನಿ ಸಿದ್ಧ!

ನಿಜವಾದ ಪರೀಕ್ಷೆ ನಡೆಯುವುದು ವೇದಿಕೆಯ ಮೇಲೆ. ಯಂತ್ರವು ಅಂಕಿಗಳನ್ನು ಕಂತುಕಂತಾಗಿ ಸ್ವೀಕರಿಸುತ್ತದೆ. ಕಂತಿಗೆ 1,024 ಅಂಕಿಗಳಾದರೆ ಒಂದು ಕಂತಿಗೇ 21 ಮಿಲಿಸೆಕೆಂಡು. ಬರುವ ಹೋಗುವ ಎರಡು ಕಂತು ಸೇರಿದರೆ ನಲವತ್ತನ್ನು ಮೀರುತ್ತದೆ. ಮೀಟಿದ ಬೆರಳಿಗೂ ಕೇಳುವ ಕಿವಿಗೂ ಹೊಂದಿಕೆ ತಪ್ಪಿ ತಾಳ ಜಾರುತ್ತದೆ. ಕಂತನ್ನು 128ಕ್ಕೆ ಇಳಿಸಿದರೆ ಅದು 2.7 ಮಿಲಿಸೆಕೆಂಡಾಗುತ್ತದೆ. ಒಟ್ಟು ವಿಳಂಬ ಹತ್ತರೊಳಗಿದ್ದರೆ ಚಿಂತೆಯಿಲ್ಲ. ಮೂರೂವರೆ ಮೀಟರು ದೂರದ ಧ್ವನಿವರ್ಧಕದಿಂದ ಶಬ್ದ ಬರಲು ಅಷ್ಟೇ ಹೊತ್ತು ಹಿಡಿಯುತ್ತದೆ. ಆದರೆ ಕಂತು ಕಿರಿದಾದಷ್ಟೂ ಲೆಕ್ಕ ಮುಗಿಸುವ ಗಡುವು ಕಿರಿದು. ಗಡುವು ತಪ್ಪಿದರೆ ಚಟಪಟ ಸದ್ದು ಸಭೆಗೆಲ್ಲ ಕೇಳಿಸುತ್ತದೆ.

ಬೇರೆ ಎಚ್ಚರಿಕೆಗಳೂ ಉಂಟು. ಈ ಗಣಕಕ್ಕೆ ಶಬ್ದವನ್ನು ಒಳಗೆ ತೆಗೆದುಕೊಳ್ಳುವ ಬಾಯಿ ತಾನಾಗಿ ಇಲ್ಲ. ಗಿಟಾರಿಗೊಪ್ಪುವ ಸೌಂಡ್‌ಕಾರ್ಡು ಬೇಕು. ಬೇಸಗೆಯ ಚಪ್ಪರದಡಿ ಕಾವೇರಿದರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಡಿನ ನಡುವೆ ಕರೆಂಟು ಹೋದರೆ ನೆನಪಿನ ಕಾರ್ಡು ಕೆಡುವುದೂ ಉಂಟು. ಆದುದರಿಂದ ಒಳ್ಳೆಯ ಪವರ್‌ಬ್ಯಾಂಕು, ಬರೆಯಲಾಗದಂತೆ ಬೀಗ ಹಾಕಿದ ಕಾರ್ಡು, ಯಂತ್ರ ಕೈಕೊಟ್ಟರೆ ಗಿಟಾರನ್ನು ನೇರವಾಗಿ ಧ್ವನಿವರ್ಧಕಕ್ಕೆ ಜೋಡಿಸಲು ಒಂದು ತಂತಿ, ಈ ಮೂರನ್ನೂ ಬಲ್ಲವರು ಮರೆಯುವುದಿಲ್ಲ.

ಡ್ರಾನ್ಯೆನ್ನಿನ ಒಡಲಿಗೂ ಒಂದು ಪಿಕಪ್ಪನ್ನು ಅಂಟಿಸಿ ಇದೇ ಪೆಟ್ಟಿಗೆಗೆ ಜೋಡಿಸಬಹುದು. ಆಗ ಹಿರಿಯರ ಮನಸ್ಸಿನಲ್ಲೊಂದು ಅಳುಕು ಮೂಡುವುದು ಸಹಜ: ಗಡಿ ದಾಟಿಯೂ ಉಳಿದ ದನಿ ಈ ಗದ್ದಲದಲ್ಲಿ ಕಳೆದುಹೋದರೆ? ಅಳುಕು ನ್ಯಾಯವಾದುದೇ. ಆದರೆ ಪೆಟ್ಟಿಗೆಗೆ ತನ್ನದೆಂಬ ರಾಗವಿಲ್ಲ. ಎಷ್ಟು ಮಾರ್ದನಿ ಬೇಕು, ಎಲ್ಲಿ ಮೌನ ಬೇಕು ಎಂಬುದನ್ನು ನಿರ್ಧರಿಸುವವನು ನುಡಿಸುವವನೇ. ಹಳೆಯ ಹಾಡನ್ನು ಮೊದಲು ಬರಿಯ ತಂತಿಯಲ್ಲಿ ಕಲಿತವನ ಕೈಯಲ್ಲಿ ಯಂತ್ರವು ಆಳಾಗಿ ದುಡಿದೀತು; ಕಲಿಯದವನಿಗೆ ಅದೇ ಯಜಮಾನನಾದೀತು.