ಸೊಸೈಟಿಗೂ ಒಂದು ಕ್ಯೂಆರ್ ಕೋಡ್ ಕೊಡಿ ಸ್ವಾಮಿ!

ಮೊನ್ನೆ ಊರಿಗೆ ಹೋದಾಗ ಶೀಳನೆರೆಯಲ್ಲಿ ಟೀ ಕುಡಿದು ದುಡ್ಡನ್ನ ಫೋನಲ್ಲೇ ಕೊಟ್ಟೆ. ಅಪ್ಪ ಮಾತ್ರ ಸೊಸೈಟಿ ಖಾತೆಗೆ ಕಟ್ಟೋಕೆ ನೋಟು ಎಣಿಸ್ತಾ ಕೂತಿದ್ರು. "ಟೀ ಅಂಗಡಿಗೆ ಆಗೋದು ಸೊಸೈಟಿಗ್ಯಾಕೆ ಆಗಲ್ಲ ಮಗಾ?" ಇಂಜಿನಿಯರ್ ಮಗನ ಬಾಯಿ ಬಂದ್!

ಅಡ್ಡ ಬಂದಿರೋದು ಕೋಡ್ ಅಲ್ಲ, ಕಾಯಿದೆ. 2016ರಲ್ಲಿ ಬಂದ ಯುಪಿಐ "ಎಲ್ಲರಿಗೂ ತೆರೆದದ್ದು" ಅಂತ ನಾವೇ ಹೊಗಳ್ತೀವಿ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ ವ್ಯಾಪ್ತಿಯಲ್ಲಿಲ್ಲ. ಬ್ಯಾಂಕ್ ಅಲ್ಲ, ಹಾಗಾಗಿ ಒಳಗೆ ಬಿಡಲ್ಲ.

ಸರಿ, ಗೂಗಲ್ ಪೇ, ಫೋನ್‌ಪೇ ಬ್ಯಾಂಕುಗಳಾ? ಅವು ಬ್ಯಾಂಕಿನ ಕೈ ಹಿಡಿದು ಒಳಗೆ ಬಂದವು. ವ್ಯಾಲೆಟ್ ಕಂಪನಿಗಳಿಗೆ ಪೂರ್ತಿ ಕೆವೈಸಿ, 2 ಲಕ್ಷದ ಮಿತಿ ಅಂತ ನಿಯಮ ಹಾಕಿ ಬಿಟ್ಟುಕೊಂಡ್ರು. 2024ರ ಡಿಸೆಂಬರಿನಲ್ಲಿ ಬೇರೆಯವರ ಆ್ಯಪಿಗೂ ಆ ವ್ಯಾಲೆಟ್ ಜೋಡಿಸಬಹುದು ಅಂದ್ರು. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡೂ ಬಂತು. ಬೇಕಾದವರಿಗೆ ಪ್ರೋಟೋಕಾಲ್ ಎಷ್ಟು ಚೆನ್ನಾಗಿ ಹಿಗ್ಗುತ್ತೆ ನೋಡಿ!

ಸೊಸೈಟಿ ಮೇಲೆ ರಿಸರ್ವ್ ಬ್ಯಾಂಕಿನ ನೇರ ಕಣ್ಣಿಲ್ಲ, ಠೇವಣಿಗೆ ವಿಮೆಯೂ ಇಲ್ಲ. ಒಪ್ಪಿದೆ, ಸಣ್ಣ ಮಾತಲ್ಲ. (ಸೊಸೈಟಿ ಲೆಕ್ಕ ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ?) ಹಾಗಾದ್ರೆ ಜಿಲ್ಲಾ ಸಹಕಾರಿ ಬ್ಯಾಂಕನ್ನ ಜವಾಬ್ದಾರಿಗೆ ನಿಲ್ಲಿಸಿ. ದಿನಕ್ಕೆ ಐದೇ ಸಾವಿರ ಅಂತ ಮಿತಿ ಹಾಕಿ. ಪ್ರತಿ ಸಂದೇಶದಲ್ಲೂ ಸಂಘದ ಗುರುತು ಇರಲಿ. ನಿಯಮ ಪ್ರೋಟೋಕಾಲಿನ ಒಳಗಿರಲಿ, ಬಾಗಿಲಿಗೆ ಬೀಗ ಯಾಕೆ?

2022ರಲ್ಲಿ 63,000 ಸಂಘಗಳ ಗಣಕೀಕರಣಕ್ಕೆ ಕೇಂದ್ರ ಒಪ್ಪಿದ್ದು 2,516 ಕೋಟಿ ರೂಪಾಯಿ. ಆ ಕಂಪ್ಯೂಟರ್ ಬರೀ ಲೆಡ್ಜರ್ ಟೈಪ್ ಮಾಡೋಕಾ?