ರಿಪೋರ್ಟ್ ನಾರ್ಮಲ್ ಬಂದವರ ಪರವಾಗಿ, ಆರೋಗ್ಯ ಸಚಿವರಿಗೆ

ಮಾನ್ಯ ಸಚಿವರೇ,

ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಿನ ಹೆಂಗಸೊಬ್ಬರು ಮೊನ್ನೆ ಆಸ್ಪತ್ರೆಯಿಂದ ಬಂದು ಜಗಲಿಯ ಮೇಲೆ ಚೀಟಿಗಳನ್ನೆಲ್ಲ ಹರವಿದರು. ಇಸಿಜಿ, ರಕ್ತ, ಥೈರಾಯ್ಡ್, ಎಕ್ಸ್‌-ರೇ, ಎಲ್ಲವೂ ನಾರ್ಮಲ್. ಆದರೂ ಎದೆ ಹಿಡಿದ ಹಾಗಾಗುತ್ತದೆ, ಮೈಯೆಲ್ಲ ಉರಿ, ಜೀವಕ್ಕೇ ನೆಮ್ಮದಿಯಿಲ್ಲ. "ಏನೂ ಇಲ್ಲಮ್ಮ" ಎಂದು ಗ್ಯಾಸಿನ ಮಾತ್ರೆ ಬರೆದು ಕಳಿಸಿದ್ದರು. ಎರಡನೇ ಬೋರ್‌ವೆಲ್ಲಿನಲ್ಲೂ ನೀರು ಬೀಳದೆ ಮನೆ ಸಾಲದಲ್ಲಿ ಮುಳುಗಿರುವುದನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಆಯಮ್ಮ ತಮ್ಮ ಕಷ್ಟ ಹೇಳಿಕೊಳ್ಳುವುದು ತೆಲುಗಿನಲ್ಲಿ.

ಇಂಗ್ಲಿಷ್ ಔಷಧಿಯನ್ನು ಹೀಗಳೆಯಲು ಬರೆಯುತ್ತಿಲ್ಲ. ಹಾವು ಕಚ್ಚಿದರೆ, ಹೆರಿಗೆ ಕಷ್ಟವಾದರೆ, ಕ್ಷಯ ಬಂದರೆ ನಮಗೆ ಅದೇ ಗತಿ. ಆದರೆ ಅದು ಮನುಷ್ಯನನ್ನು ಬಿಡಿಬಿಡಿಯಾಗಿ ನೋಡುತ್ತದೆ. ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಯ ಫ್ಲೋರೈಡ್ ಹಲ್ಲಿಗೆ ಕಲೆ ಹಿಡಿಸಿ ಕೀಲು ಬಿಗಿಯುವಂತೆ ಮಾಡುತ್ತದೆ. ಅದೇ ಬಾವಿ ತೋಡಿಸಿದ ಸಾಲ ನಿದ್ದೆ ಕೆಡಿಸುತ್ತದೆ. ಎರಡೂ ಒಂದೇ ಮೈ ಅನುಭವಿಸುವ ನೋವು. ಯಾವ ಒಪಿಡಿ ಚೀಟಿಯಲ್ಲೂ ಅದಕ್ಕೆ ಜಾಗವಿಲ್ಲ.

ಅದಕ್ಕೇ ಜನ ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ, ಊರ ದೇವರ ಗುಡಿಗೆ ಹೋಗುತ್ತಾರೆ. ಇದನ್ನು ಮೌಢ್ಯವೆಂದು ತಳ್ಳಿಹಾಕಬೇಡಿ. ನಿಮ್ಹಾನ್ಸ್‌ನ ಡಾ. ಆರ್. ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ದೇವಸ್ಥಾನವೊಂದರಲ್ಲಿ ತಂಗಿದ್ದ 31 ಮಂದಿ ಮಾನಸಿಕ ರೋಗಿಗಳನ್ನು ಗಮನಿಸಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮನೆಯವರೊಬ್ಬರನ್ನು ಜೊತೆಗಿಟ್ಟುಕೊಂಡು, ಗಿಡಕ್ಕೆ ನೀರು ಹಾಕುವಂಥ ಸಣ್ಣಪುಟ್ಟ ಕೆಲಸ ಮಾಡುತ್ತ, ಸರಾಸರಿ ಆರು ವಾರ ಅಲ್ಲಿದ್ದವರ ರೋಗಲಕ್ಷಣಗಳು ಔಷಧಿಯಿಲ್ಲದೆಯೇ ಸುಮಾರು ಶೇ 20ರಷ್ಟು ತಗ್ಗಿದ್ದವು. ಅವರನ್ನು ಅಲ್ಲಿ ಯಾರೂ ಗದರಲಿಲ್ಲ, ಹೊರದಬ್ಬಲಿಲ್ಲ. ಹಾಗೆಂದು ಎಲ್ಲವನ್ನೂ ನಂಬಿಕೆಗೆ ಒಪ್ಪಿಸಿ ಕೂರಲಾಗದು. 2001ರ ಆಗಸ್ಟ್‌ನಲ್ಲಿ ಅದೇ ರಾಜ್ಯದ ಏರ್ವಾಡಿಯಲ್ಲಿ, ದರ್ಗಾದ ಮೇಲಿನ ನಂಬಿಕೆಯಿಂದ ಕರೆತಂದು ಸರಪಳಿ ಬಿಗಿದಿಟ್ಟಿದ್ದ 28 ಮಾನಸಿಕ ರೋಗಿಗಳು ಬೆಂಕಿಗೆ ಬಲಿಯಾದರು.

ನಾವು ಕೇಳುವುದು ದೊಡ್ಡದೇನಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಆಸ್ಪತ್ರೆಗಳಲ್ಲಿ ತೆಲುಗು, ಉರ್ದು ಬಲ್ಲ ಆಪ್ತಸಮಾಲೋಚಕರೊಬ್ಬರು ದಿನವೂ ಇರಲಿ. ಮಾಲೂರಿನ ಇಟ್ಟಿಗೆ ಗೂಡಿನ ಕೂಲಿಯವರಿಗೆ ಹಗಲು ಬಂದರೆ ಅಂದಿನ ಕೂಲಿ ಹೋಗುತ್ತದೆ; ಅವರಿಗಾಗಿ ಸಂಜೆಯೂ ಬಾಗಿಲು ತೆರೆದಿರಲಿ. ದರ್ಗಾದ ಮುಜಾವರರನ್ನೂ ಗುಡಿಯ ಪೂಜಾರಿಗಳನ್ನೂ ಕರೆದು ಕೂರಿಸಿ ಮಾತಾಡಿ. ಯಾರನ್ನು ತಡಮಾಡದೆ ವೈದ್ಯರ ಹತ್ತಿರ ಕಳಿಸಬೇಕೆಂದು ಅವರಿಗೆ ತಿಳಿಯಲಿ. ನಮ್ಮವರು ಗುಡಿಗೆ ಏಕೆ ಹೋಗುತ್ತಾರೆಂದು ನಿಮ್ಮ ವೈದ್ಯರೂ ಅವರಿಂದ ಕೇಳಿ ತಿಳಿಯಲಿ. ಮಾನಸಿಕ ಆರೋಗ್ಯಕ್ಕಾಗಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ಹಾಲಿನ ಡೇರಿಯ ಗೋಡೆಯ ಮೇಲೆ ಕನ್ನಡ, ತೆಲುಗು ಎರಡರಲ್ಲೂ ಬರೆಸಿ. ಬರುವ ಬಜೆಟ್ಟಿಗೆ ಕಾಯದೆ ಈ ವರ್ಷವೇ ಶುರುಮಾಡಿ.

ಇಂತಿ,
ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕಿ